ಮದುವೆಗೂ ಸರ್ಕಾರದ ಅಪ್ಪಣೆ!

ನಮ್ಮ ಗೊಳಸಂಗಿಯಂಥ ಊರಲ್ಲಿ ವಿದೇಶಾಂಗ ಖಾತೆಯ ಮಾತು ತೆಗೆದರೆ, “ಅದು ದಿಲ್ಲಿಯವರ ಉಸಾಬರಿ, ನಮಗ್ಯಾಕವ್ವಾ?” ಅನ್ನುವವರೇ ಹೆಚ್ಚು. ಆದರೆ ಸೋದರಿಯರೇ, ನಿಮ್ಮ ಮಗನೋ ಅಳಿಯನೋ ದುಬೈಗೆ ಹೊರಟರೆ ಪಾಸ್‌ಪೋರ್ಟ್ ಕೊಡುವುದು ಇದೇ ಖಾತೆ. ಪರದೇಶದಲ್ಲಿ ಅವನಿಗೆ ತೊಂದರೆಯಾದರೆ ಹೋಗಿ ಕೇಳಬೇಕಾದ ರಾಯಭಾರ ಕಚೇರಿಯೂ ಇದರದ್ದೇ.

ಇದರ ಬೇರು ಕಂಪನಿ ಸರ್ಕಾರದ ಕಾಲದ್ದು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಒಂದು ವಿದೇಶಾಂಗ ಇಲಾಖೆ ತೆರೆದಿದ್ದರು. ಸ್ವಾತಂತ್ರ್ಯ ಹೊಸ್ತಿಲಲ್ಲಿದ್ದಾಗ, 1946ರಲ್ಲಿ, ನಮ್ಮದೇ ಆದ ಭಾರತೀಯ ವಿದೇಶಾಂಗ ಸೇವೆ ಹುಟ್ಟಿತು. ನೆಹರೂ ಅವರು 1964ರಲ್ಲಿ ತೀರಿಕೊಳ್ಳುವ ತನಕ ಪ್ರಧಾನಿಯಾಗಿದ್ದುಕೊಂಡೇ ಈ ಖಾತೆಯನ್ನೂ ನೋಡಿಕೊಂಡರು. ಇಷ್ಟು ಇತಿಹಾಸ ಸಾಕು. ನಾನು ಹೇಳಹೊರಟಿದ್ದು ಆ ಸೇವೆಗೆ ಮೊದಲು ಕಾಲಿಟ್ಟ ಹೆಣ್ಣುಮಗಳ ಸಂಗತಿ. ಆಕೆ ನಮ್ಮ ನಾಡಿನವರೇ.

ಸಿ.ಬಿ. ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ಕೊಡಗಿನ ವಿರಾಜಪೇಟೆಯಲ್ಲಿ. ಒಂಬತ್ತು ವರ್ಷದವರಿದ್ದಾಗಲೇ ತಂದೆ ಹೋಗಿಬಿಟ್ಟರು. ತಾಯಿ ಮಾತ್ರ ಮಕ್ಕಳ ಓದು ಬಿಡಿಸಲಿಲ್ಲ. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು ಮುಗಿಸಿ, ಕೇಂದ್ರ ಸರ್ಕಾರದ ದೊಡ್ಡ ಪರೀಕ್ಷೆಯಲ್ಲಿ ಪಾಸಾಗಿ, 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ಸಂದರ್ಶನದಲ್ಲಿ ಕುಳಿತಿದ್ದ ಹಿರಿಯರು, ಹೆಂಗಸರಿಗೆ ಈ ಕೆಲಸ ಬೇಡವೆಂದು ಹಿಂದೆಗೆಸಲು ನೋಡಿದ್ದರಂತೆ. ಕೊನೆಗೆ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಬರೆಸಿಕೊಂಡೇ ಸೇರಿಸಿಕೊಂಡರು!

1961ರ ನಿಯಮಗಳಲ್ಲಂತೂ ಇದು ಅಚ್ಚಾಗಿಯೇ ಬಂತು. ಹೆಣ್ಣು ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅಪ್ಪಣೆ ಬೇಕು. ಮನೆವಾರ್ತೆ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಕಂಡರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಈ ಷರತ್ತಿಲ್ಲ. ಯಾಕೆ, ಅವರಿಗೆ ಮನೆಯಿಲ್ಲವೇ, ಮಕ್ಕಳಿಲ್ಲವೇ? ಅವರ ಮನೆವಾರ್ತೆ ನೋಡಿಕೊಳ್ಳಲು ಹೆಂಡತಿ ಇದ್ದಾಳೆ ಅನ್ನುವುದು ಮಾತ್ರ ಯಾವ ನಿಯಮದಲ್ಲೂ ಬರೆದಿರಲಿಲ್ಲ.

ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೂ ಮುಂದಿನ ಬಡ್ತಿ ಬಂದಾಗ ಅವರನ್ನು ಬಿಟ್ಟು ಮುಂದೆ ಹೋದರು. ಹೆಣ್ಣೆಂಬ ಕಾರಣಕ್ಕೇ ಈ ಭೇದ ಎಂದು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ತಾನು ದುಡಿಯುವ ಸರ್ಕಾರದ ಮೇಲೇ ದಾವೆ ಹೂಡುವುದೆಂದರೆ ನೀವೇ ಯೋಚಿಸಿ ನೋಡಿ.

ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಸಿಕ್ಕಿತು. ಹಾಗಾಗಿ 1979ರಲ್ಲಿ ಕೋರ್ಟು ಅರ್ಜಿಯನ್ನು ಮುಗಿಸಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ಬಿಡಲಿಲ್ಲ. ಸಂಸಾರ ಹೆಣ್ಣಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಿನ ಕೆಲಸಕ್ಕೂ ಆಗಬಹುದಲ್ಲ ಎಂದು ತೀರ್ಪಿನಲ್ಲೇ ಕೇಳಿದರು. ಇಂಥ ಭೇದದ ನಿಯಮಗಳನ್ನೆಲ್ಲ ತಿದ್ದಬೇಕೆಂದರು. ಮದುವೆಗೆ ಅಪ್ಪಣೆಯ ನಿಯಮವನ್ನು ತೆಗೆದುಹಾಕುತ್ತಿದ್ದೇವೆ ಎಂದು ಸರ್ಕಾರ ಕೋರ್ಟಿನೆದುರು ಹೇಳಬೇಕಾಯಿತು.

ಘಾನಾ, ನೆದರ್ಲೆಂಡ್ಸ್‌ಗಳಲ್ಲೂ ಭಾರತವನ್ನು ಪ್ರತಿನಿಧಿಸಿ ಮುತ್ತಮ್ಮ 1982ರಲ್ಲಿ ನಿವೃತ್ತರಾದರು. 2001ರಲ್ಲಿ ಚೋಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು, 2009ರಲ್ಲಿ ನಿರುಪಮಾ ರಾವ್. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರಿನ ಕಡೆಯ ಎಸ್.ಎಂ. ಕೃಷ್ಣ. ಅದೇ ವರ್ಷದ ಅಕ್ಟೋಬರಿನಲ್ಲಿ ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು.

ಅಂದಹಾಗೆ, ಅಡುಗೆಯ ಪುಟ ಮೊದಲು ತೆರೆಯುವವರಿಗೆ ಒಂದು ಮಾತು: ನಿವೃತ್ತಿಯ ನಂತರ ಈ ರಾಯಭಾರಿಯಮ್ಮ ಗಂಗಮ್ಮ ಬೋಪಣ್ಣ ಅವರ ಜೊತೆ ಸೇರಿ ಕೊಡವರ ಅಡುಗೆಯ ಮೇಲೊಂದು ಇಂಗ್ಲಿಷ್ ಪುಸ್ತಕವನ್ನೂ ಬರೆದಿದ್ದಾರೆ.