ಲಾರಿಯ ಏರ್ ಕಂಪ್ರೆಸರ್: ದೋಷವನ್ನು ಗುರುತಿಸುವ ಕ್ರಮ

ಭಾರೀ ಡೀಸೆಲ್ ಲಾರಿಗಳ ಬ್ರೇಕುಗಳು ಒತ್ತಿ ಶೇಖರಿಸಿದ ಗಾಳಿಯ ಬಲದಿಂದ ಕೆಲಸ ಮಾಡುತ್ತವೆ. ಚಾಲಕನ ಪಾದವು ಒಂದು ವಾಲ್ವನ್ನು ಮಾತ್ರ ತೆರೆಯುತ್ತದೆ; ಹತ್ತಾರು ಟನ್ ತೂಕದ ವಾಹನವನ್ನು ತಡೆದು ನಿಲ್ಲಿಸುವ ಶಕ್ತಿಯು ಟ್ಯಾಂಕುಗಳಲ್ಲಿರುವ ಗಾಳಿಯಿಂದ ಒದಗುತ್ತದೆ. ಆ ಗಾಳಿಯನ್ನು ತುಂಬುವ ಯಂತ್ರವೇ ಏರ್ ಕಂಪ್ರೆಸರ್. ಮುಂಬಯಿ–ಪುಣೆ ಮಾರ್ಗದ ಭೋರ್ ಘಾಟ್, ಪುಣೆ–ಸಾತಾರಾ ಮಾರ್ಗದ ಖಂಬಾಟ್ಕಿ ಘಾಟ್, ಬೆಂಗಳೂರು–ಮಂಗಳೂರು ಮಾರ್ಗದ ಶಿರಾಡಿ ಘಾಟಿ ಮುಂತಾದ ಇಳಿಜಾರುಗಳಲ್ಲಿ ಸರಕು ತುಂಬಿದ ಲಾರಿಯು ಇಳಿಯುವಾಗ ಈ ಯಂತ್ರದ ಸುಸ್ಥಿತಿಯು ಪ್ರಾಣರಕ್ಷಣೆಯ ವಿಷಯವೇ ಆಗುತ್ತದೆ.

ಗಾಳಿಯ ಒತ್ತಡ ಸರಿಯಾಗಿ ಏರದಿದ್ದಾಗ ಕಂಪ್ರೆಸರನ್ನೇ ಬದಲಾಯಿಸುವ ವಾಡಿಕೆ ಅನೇಕ ಕಡೆಗಳಲ್ಲಿದೆ. ಆದರೆ ದೋಷವು ಸೋರುವ ಜೋಡಣೆಯಲ್ಲಿ, ಕಟ್ಟಿಕೊಂಡ ಪೈಪಿನಲ್ಲಿ ಅಥವಾ ಗವರ್ನರಿನಲ್ಲಿಯೂ ಇರಬಹುದು. ಮೂಲ ಕಾರಣವನ್ನು ಸರಿಪಡಿಸದೆ ಹೊಸ ಕಂಪ್ರೆಸರನ್ನು ಜೋಡಿಸಿದರೆ ಅದೂ ಬೇಗನೆ ಕೆಡುತ್ತದೆ. ಆದುದರಿಂದ ಕ್ರಮವರಿತು ಪರೀಕ್ಷಿಸುವುದು ಅತ್ಯವಶ್ಯಕ.

ಕಾರ್ಯವಿಧಾನ

ಕಂಪ್ರೆಸರಿನಲ್ಲಿ ಎಂಜಿನ್ನಿನಲ್ಲಿರುವಂತೆಯೇ ಸಿಲಿಂಡರ್, ಪಿಸ್ಟನ್ ಮತ್ತು ರಿಂಗುಗಳಿರುತ್ತವೆ. ಎಂಜಿನ್ನಿನ ಗೇರು ಅಥವಾ ಬೆಲ್ಟು ಅದನ್ನು ತಿರುಗಿಸುತ್ತದೆ. ಅದರ ಭಾಗಗಳು ಸವೆಯದಂತೆ ಎಂಜಿನ್ ಆಯಿಲ್ ಒದಗುತ್ತದೆ. ಸಾಮಾನ್ಯವಾಗಿ ಎಂಜಿನ್ ತಿರುಗುತ್ತಿರುವವರೆಗೆ ಕಂಪ್ರೆಸರೂ ತಿರುಗುತ್ತದೆ. ಒತ್ತಡವು ನಿಗದಿತ ಮಟ್ಟವನ್ನು ತಲುಪಿದಾಗ ಗವರ್ನರ್ ಅದಕ್ಕೆ ವಿರಾಮ ನೀಡುತ್ತದೆ. ಕೆಲವು ಲಾರಿಗಳಲ್ಲಿ ಕಂಪ್ರೆಸರಿನೊಳಗೇ ಒತ್ತುವ ಕೆಲಸ ನಿಲ್ಲುತ್ತದೆ. ಇನ್ನು ಕೆಲವುಗಳಲ್ಲಿ ಗಾಳಿಯು ಏರ್ ಡ್ರೈಯರಿನ ಮೂಲಕ ಹೊರಹೋಗುತ್ತದೆ. ಒತ್ತಡ ಇಳಿದೊಡನೆ ಗಾಳಿ ತುಂಬುವ ಕೆಲಸ ಮತ್ತೆ ಆರಂಭವಾಗುತ್ತದೆ. ಈ ಮಟ್ಟಗಳು ಪ್ರತಿ ಮಾದರಿಗೂ ಬೇರೆ ಬೇರೆಯಾಗಿರುವುದರಿಂದ ತಯಾರಕರ ಕೈಪಿಡಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಪರೀಕ್ಷೆಗೆ ಮುನ್ನ

ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಗಟ್ಟಿಯಾದ ಅಡ್ಡಗಟ್ಟೆಗಳನ್ನು ಕೊಡಬೇಕು. ಯಾವುದೇ ಪೈಪನ್ನು ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ, ಎಲ್ಲ ಟ್ಯಾಂಕುಗಳ ಗಾಳಿಯನ್ನು ಪೂರ್ಣವಾಗಿ ಹೊರಬಿಡಬೇಕು. ಕಂಪ್ರೆಸರಿನಿಂದ ಹೊರಡುವ ಪೈಪು ಬಹಳ ಬಿಸಿಯಾಗಿರುತ್ತದೆ. ಅದು ತಣಿಯುವವರೆಗೆ ಮುಟ್ಟಬಾರದು. ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಇರುವ ಚೇಂಬರನ್ನು ಚಾಲಕರು ಎಂದಿಗೂ ಬಿಚ್ಚಬಾರದು. ಅದರೊಳಗೆ ಅದುಮಿಟ್ಟಿರುವ ಸ್ಪ್ರಿಂಗ್ ಸಿಡಿದರೆ ಪ್ರಾಣಾಪಾಯ ಸಂಭವಿಸಬಹುದು.

ಮೊದಲನೆಯ ಪರೀಕ್ಷೆ: ಸೋರಿಕೆ

ಒತ್ತಡ ಪೂರ್ಣವಾಗಿ ಏರಿದ ಮೇಲೆ ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆಗಳಿರುವುದನ್ನು ಖಚಿತಪಡಿಸಿಕೊಂಡು, ಪಾರ್ಕಿಂಗ್ ಬ್ರೇಕನ್ನು ಬಿಡಿಸಿ ಒಂದು ನಿಮಿಷ ಗೇಜನ್ನು ಗಮನಿಸಬೇಕು. ಅಮೆರಿಕದ ಭಾರೀ ವಾಹನ ಚಾಲಕರ ಪರೀಕ್ಷೆಯಲ್ಲಿ ಟ್ರೇಲರ್ ಇಲ್ಲದ ಲಾರಿಗೆ ನಿಮಿಷಕ್ಕೆ 2 ಪಿಎಸ್‌ಐ, ಅಂದರೆ ಸುಮಾರು 0.14 ಬಾರ್‌ಗಿಂತ ಹೆಚ್ಚು ಇಳಿಯಬಾರದೆಂಬ ಅಳತೆಯಿದೆ. ಪೆಡಲನ್ನು ಒತ್ತಿ ಹಿಡಿದಾಗ, ಮೊದಲ ಇಳಿತದ ನಂತರ, ನಿಮಿಷಕ್ಕೆ 3 ಪಿಎಸ್‌ಐ ಮೀರಬಾರದು. ಇದನ್ನು ಒಂದು ಉಪಯುಕ್ತ ಮಾನದಂಡವಾಗಿ ಬಳಸಬಹುದು.

ಒತ್ತಡ ಇದಕ್ಕಿಂತ ವೇಗವಾಗಿ ಇಳಿದರೆ ಮೊದಲು ಸೋರಿಕೆಯನ್ನು ಹುಡುಕಬೇಕು. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆಗಳು ಏಳುತ್ತವೆ. ಎರಡು ಗೇಜುಗಳಿದ್ದರೆ, ಯಾವುದರ ಮುಳ್ಳು ಇಳಿಯುತ್ತದೆಂಬುದರಿಂದ ಸೋರುವ ಭಾಗವನ್ನು ಊಹಿಸಬಹುದು. ಕಂಪ್ರೆಸರಿಗೂ ಹಿಮ್ಮುಖ ಹರಿವನ್ನು ತಡೆಯುವ ವಾಲ್ವಿಗೂ ನಡುವಿನ ಸೋರಿಕೆ ಈ ಪರೀಕ್ಷೆಯಲ್ಲಿ ಕಾಣದು. ಎಂಜಿನ್ ನಡೆಯುತ್ತಿರುವಾಗ ದೂರದಿಂದಲೇ ಸದ್ದನ್ನು ಆಲಿಸಿ ಅದನ್ನು ಗುರುತಿಸಬೇಕು.

ಎರಡನೆಯ ಪರೀಕ್ಷೆ: ಗಾಳಿ ತುಂಬುವ ವೇಗ

ಎರಡು ವಿಭಾಗಗಳ ಬ್ರೇಕ್ ವ್ಯವಸ್ಥೆಯಲ್ಲಿ, ಎಂಜಿನ್ ಓಟದ ವೇಗದಲ್ಲಿ ತಿರುಗುತ್ತಿರುವಾಗ, ಒತ್ತಡವು 85ರಿಂದ 100 ಪಿಎಸ್‌ಐಗೆ, ಅಂದರೆ ಸುಮಾರು 5.9ರಿಂದ 6.9 ಬಾರ್‌ಗೆ, 45 ಸೆಕೆಂಡುಗಳೊಳಗೆ ಏರಬೇಕೆಂಬುದು ಅದೇ ಪರೀಕ್ಷೆಯ ಅಳತೆ. ಸೋರಿಕೆ ಇಲ್ಲದೆಯೂ ಇದಕ್ಕಿಂತ ಬಹಳ ತಡವಾದರೆ ಸುಲಭವಾದ ಕಾರಣಗಳಿಂದ ಆರಂಭಿಸಬೇಕು. ಧೂಳಿನಿಂದ ಕಟ್ಟಿದ ಏರ್ ಫಿಲ್ಟರ್, ಸಡಿಲವಾದ ಬೆಲ್ಟ್, ಗಾಳಿ ಹೊರಡುವ ಪೈಪಿನೊಳಗೆ ಗಟ್ಟಿಯಾಗಿ ಕುಳಿತ ಮಸಿ, ಇವುಗಳನ್ನು ಕ್ರಮವಾಗಿ ನೋಡಬೇಕು. ಇವೆಲ್ಲ ಸರಿಯಾಗಿದ್ದರೆ ಮಾತ್ರ ಕಂಪ್ರೆಸರಿನ ವಾಲ್ವುಗಳು ಅಥವಾ ರಿಂಗುಗಳು ಸವೆದಿವೆಯೆಂದು ಶಂಕಿಸಬೇಕು.

ಗವರ್ನರಿನ ದೋಷ

ಒತ್ತಡವು ಮಿತಿ ಮೀರಿ ಏರಿ ಸೇಫ್ಟಿ ವಾಲ್ವ್ ತೆರೆದುಕೊಂಡರೆ, ಗವರ್ನರ್ ಅಥವಾ ಅದಕ್ಕೆ ಸಂಬಂಧಿಸಿದ ವಾಲ್ವ್ ಅಂಟಿಕೊಂಡಿರಬಹುದು. ಬ್ರೇಕ್ ಒತ್ತದಿದ್ದರೂ ಡ್ರೈಯರಿನಿಂದ ಮೇಲಿಂದ ಮೇಲೆ ‘ಫುಸ್’ ಎಂದು ಗಾಳಿ ಹೊರಬರುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೆ ಹಿಮ್ಮುಖ ತಡೆಯ ವಾಲ್ವ್ ಕೆಟ್ಟಿದೆ ಎಂದು ತಿಳಿಯಬೇಕು.

ಟ್ಯಾಂಕಿನಲ್ಲಿ ಆಯಿಲ್ ಮತ್ತು ನೀರು

ಟ್ಯಾಂಕಿನ ಕೆಳಗಿನ ಡ್ರೈನ್ ವಾಲ್ವನ್ನು ತೆರೆದಾಗ ಹೊರಬರುವ ದ್ರವವು ವ್ಯವಸ್ಥೆಯ ಆರೋಗ್ಯವನ್ನು ಹೇಳುತ್ತದೆ. ತಿಳಿನೀರು ಹೆಚ್ಚಾಗಿ ಬಂದರೆ ಡ್ರೈಯರಿನ ತೇವ ಹೀರುವ ವಸ್ತು ಮುಗಿದಿರಬಹುದು. ಆಯಿಲಿನ ತೆಳುವಾದ ಲೇಪ ಸಹಜ. ಆದರೆ ಹಾಲಿನಂತಹ ಅಥವಾ ಕಪ್ಪಾದ ಆಯಿಲ್ ಧಾರಾಳವಾಗಿ ಬಂದರೆ ಅದು ದೋಷದ ಲಕ್ಷಣ. ರಿಂಗುಗಳ ಸವೆತ, ಆಯಿಲ್ ಎಂಜಿನ್ನಿಗೆ ಮರಳುವ ದಾರಿ ಕಟ್ಟಿಕೊಳ್ಳುವುದು, ಕಟ್ಟಿದ ಫಿಲ್ಟರ್ ಇವು ಇದರ ಕಾರಣಗಳು. ಸೋರಿಕೆಯ ದೆಸೆಯಿಂದ ಕಂಪ್ರೆಸರ್ ವಿರಾಮವಿಲ್ಲದೆ ದುಡಿದು ಕಾಯ್ದಾಗಲೂ ಹೀಗಾಗುತ್ತದೆ. ಆ ಆಯಿಲ್ ಬಿಸಿಗೆ ಸುಟ್ಟು ಪೈಪಿನಲ್ಲಿ ಮಸಿಯಾಗುತ್ತದೆ. ಮಸಿಯಿಂದ ಬಿಸಿ ಇನ್ನಷ್ಟು ಹೆಚ್ಚುತ್ತದೆ.

ಎಂಜಿನ್ನಿನ ಕೂಲಿಂಗ್ ನೀರಿನಿಂದ ತಣಿಯುವ ಕಂಪ್ರೆಸರುಗಳಲ್ಲಿ ಹೆಡ್ ಗ್ಯಾಸ್ಕೆಟ್ ಕೆಟ್ಟರೆ ಗಾಳಿಯು ಆ ನೀರಿಗೆ ನುಗ್ಗಿ ಗುಳ್ಳೆಗಳೇಳುತ್ತವೆ, ನೀರು ಹೊರಚೆಲ್ಲುತ್ತದೆ. ಇದನ್ನು ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ದೋಷವೆಂದು ಭ್ರಮಿಸಿ ಎಂಜಿನ್ನನ್ನೇ ಬಿಚ್ಚಿ ಹಣ ಕಳೆದುಕೊಳ್ಳುವ ಸಂಭವವಿದೆ. ಕಂಪ್ರೆಸರ್ ಗಾಳಿ ತುಂಬುವಾಗ ಗುಳ್ಳೆಗಳು ಹೆಚ್ಚಾಗಿ, ವಿರಾಮದಲ್ಲಿ ಕಡಿಮೆಯಾದರೆ ಮೊದಲು ಕಂಪ್ರೆಸರನ್ನು ಪರೀಕ್ಷಿಸಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಬಾರದು.

ಘಾಟಿ ಇಳಿಯುವಾಗ

ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಟ್ಯಾಂಕಿನ ಗಾಳಿ ಖರ್ಚಾಗುತ್ತದೆ. ಡೀಸೆಲ್ ಉಳಿಸಲೆಂದು ಗಾಡಿಯನ್ನು ನ್ಯೂಟ್ರಲಿನಲ್ಲಿ ಇಳಿಸಿದರೆ ಬ್ರೇಕಿನ ಬಳಕೆ ಹೆಚ್ಚುತ್ತದೆ. ಎಂಜಿನ್ ನಿಧಾನವಾಗಿ ತಿರುಗುವುದರಿಂದ ಕಂಪ್ರೆಸರ್ ತುಂಬುವ ಗಾಳಿ ಕಡಿಮೆಯಾಗುತ್ತದೆ. ದುರ್ಬಲ ಕಂಪ್ರೆಸರಿನ ಲಾರಿಗೆ ಇದು ಇಮ್ಮಡಿ ಅಪಾಯ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ತಾನೇ ವೇಗವನ್ನು ತಡೆಯುತ್ತದೆ, ಗಾಳಿಯೂ ಚೆನ್ನಾಗಿ ತುಂಬುತ್ತದೆ.

ಕಡಿಮೆ ಒತ್ತಡದ ಎಚ್ಚರಿಕೆ ದೀಪ ಬೆಳಗಿದರೆ ಅಥವಾ ಬಜರ್ ಕೂಗಿದರೆ ಸುರಕ್ಷಿತ ಸ್ಥಳದಲ್ಲಿ ಕೂಡಲೇ ಲಾರಿಯನ್ನು ನಿಲ್ಲಿಸಬೇಕು. ಕಾರಣ ತಿಳಿದು ಸರಿಪಡಿಸುವವರೆಗೆ ಮುಂದೆ ಹೊರಡಬಾರದು. ಹೊರಡುವ ಮುನ್ನ ಗೇಜನ್ನು ನೋಡಿ, ಟ್ಯಾಂಕಿನ ನೀರನ್ನು ತೆಗೆದು, ಸೋರಿಕೆಯ ಸದ್ದನ್ನು ಆಲಿಸಲು ಕೆಲವೇ ನಿಮಿಷಗಳು ಸಾಕು. ಈ ಅಭ್ಯಾಸವನ್ನು ಚಾಲಕರು ರೂಢಿಸಿಕೊಳ್ಳುವುದೂ, ಅದಕ್ಕೆ ಬೇಕಾದ ಸಮಯವನ್ನು ಮಾಲೀಕರು ನೀಡುವುದೂ ರಸ್ತೆಯಲ್ಲಿ ಸಂಚರಿಸುವ ಎಲ್ಲರ ಹಿತಕ್ಕೆ ಅಗತ್ಯ.