ಅಮಲಿನ ಚಾಲನೆ, ತೀವ್ರ ಗಾಯ ಮತ್ತು ದಂಡನೆ

ಮದ್ಯಪಾನ ಮಾಡಿ ವಾಹನವನ್ನು ನಡೆಸಿದವನ ಅಪರಾಧಕ್ಕೆ ನಮ್ಮ ಕಾನೂನಿನಲ್ಲಿ ಒಂದು ಹೆಸರಿದೆ, ಒಂದು ಶಿಕ್ಷೆಯಿದೆ. ದುಡುಕಿನಿಂದ ವಾಹನವನ್ನು ನಡೆಸಿ ಮತ್ತೊಬ್ಬನ ಕಾಲನ್ನು ಮುರಿದವನ ಅಪರಾಧಕ್ಕೂ ಹೆಸರಿದೆ, ಶಿಕ್ಷೆಯಿದೆ. ಆದರೆ ಮದ್ಯಪಾನ ಮಾಡಿದ್ದ ಕಾರಣದಿಂದಲೇ ಮತ್ತೊಬ್ಬನ ಕಾಲನ್ನು ಮುರಿದವನ ಅಪರಾಧಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ಅದನ್ನು ಎರಡು ತುಂಡುಗಳನ್ನಾಗಿ ಮಾಡಿ, ಒಂದನ್ನು ಮೋಟಾರು ವಾಹನಗಳ ಅಧಿನಿಯಮಕ್ಕೂ ಇನ್ನೊಂದನ್ನು ದಂಡ ಸಂಹಿತೆಗೂ ಒಪ್ಪಿಸಲಾಗಿದೆ. ಹೀಗೆ ತುಂಡರಿಸುವುದರಿಂದ ಗಾಯಗೊಂಡವನಿಗೆ ಸಲ್ಲಬೇಕಾದ ನ್ಯಾಯದಲ್ಲಿ ಏನಾದರೂ ಸೋರಿಹೋಗುತ್ತದೆಯೆ ಎಂಬುದೇ ನಾವು ಇಲ್ಲಿ ವಿಚಾರಿಸಹೊರಟಿರುವ ಪ್ರಶ್ನೆ.

ಮೊದಲು ದಂಡ ಸಂಹಿತೆಯನ್ನು ನೋಡೋಣ. 1860ರಲ್ಲಿ ಅಂಗೀಕೃತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡ ಸಂಹಿತೆಯನ್ನು ರಚಿಸಿದವರ ಕಣ್ಣ ಮುಂದೆ ಇದ್ದ ವಾಹನಗಳು ಕುದುರೆಯ ಸಾರೋಟು ಮತ್ತು ಎತ್ತಿನ ಬಂಡಿ. ಸಾರ್ವಜನಿಕ ದಾರಿಯಲ್ಲಿ ದುಡುಕಿನಿಂದ ಅಥವಾ ಅಲಕ್ಷ್ಯದಿಂದ ವಾಹನ ನಡೆಸುವುದನ್ನೂ ಸವಾರಿ ಮಾಡುವುದನ್ನೂ 279ನೆಯ ಕಲಮು ದಂಡನೀಯವೆಂದಿತು. ಅಂಥ ಕೃತ್ಯದಿಂದ ಸಾದಾ ಗಾಯವಾದರೆ 337ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ 500 ರೂಪಾಯಿಗಳವರೆಗೆ ಜುಲ್ಮಾನೆ, ತೀವ್ರ ಗಾಯವಾದರೆ 338ನೆಯ ಕಲಮಿನಂತೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 1000 ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡೂ. 1860ರಲ್ಲಿ ಸಾವಿರ ರೂಪಾಯಿ ಒಂದು ಕುಟುಂಬವನ್ನು ನಡುಗಿಸಬಲ್ಲ ಮೊತ್ತವಾಗಿತ್ತು. ಅದೇ ಅಂಕಿ, ಒಂದು ಸೊನ್ನೆಯೂ ಹೆಚ್ಚದೆ, 2024ರ ಜೂನ್ ಕೊನೆಯವರೆಗೆ ಉಳಿದುಬಂದಿತು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಅಲಕ್ಷ್ಯದಿಂದ ಮರಣವನ್ನುಂಟುಮಾಡುವ ಅಪರಾಧವು ಮೂಲ ಸಂಹಿತೆಯಲ್ಲಿ ಇರಲಿಲ್ಲ. 1870ರಲ್ಲಿ 304-ಎ ಎಂಬ ಕಲಮನ್ನು ಸೇರಿಸಿ ಅದಕ್ಕೆ ಎರಡು ವರ್ಷಗಳ ಗರಿಷ್ಠ ಸೆರೆವಾಸವನ್ನು ವಿಧಿಸಲಾಯಿತು. ತೀವ್ರ ಗಾಯಕ್ಕಿದ್ದ ಗರಿಷ್ಠ ಮಿತಿಯೂ ಅದೇ ಎರಡು ವರ್ಷ. ಎಂದರೆ, ಒಂದೂವರೆ ಶತಮಾನದ ಕಾಲ ಅಲಕ್ಷ್ಯದಿಂದ ಕೊಂದವನೂ ಅಲಕ್ಷ್ಯದಿಂದ ಅಂಗಹೀನನನ್ನಾಗಿ ಮಾಡಿದವನೂ ಸೆರೆಮನೆಯ ಅವಧಿಯ ಮಟ್ಟಿಗೆ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಈ ಪಂಕ್ತಿಯನ್ನು ಒಡೆದಿದೆ. ಮರಣಕ್ಕೆ 106ನೆಯ ಕಲಮಿನ ಮೊದಲನೆಯ ಉಪಕಲಮಿನಂತೆ ಐದು ವರ್ಷ. ತೀವ್ರ ಗಾಯಕ್ಕೆ 125ನೆಯ ಕಲಮಿನ ಎರಡನೆಯ ಖಂಡದಂತೆ ಮೂರು ವರ್ಷ ಅಥವಾ 10,000 ರೂಪಾಯಿ ಜುಲ್ಮಾನೆ ಅಥವಾ ಎರಡೂ. ಗಾಯಗೊಂಡವನ ಪಾಲಿಗೆ ಒಂದು ವರ್ಷ ಹೆಚ್ಚಿತು, ಸತ್ತವನ ಪಾಲಿಗೆ ಮೂರು ವರ್ಷ. ಆದರೆ ಈ ಎರಡು ಕಲಮುಗಳಲ್ಲಿಯೂ ಅಮಲಿನ ಮಾತು ಹಿಂದಿನಂತೆಯೇ ಇಲ್ಲ.

ತೀವ್ರ ಗಾಯವೆಂದರೆ ಯಾವುದು? ಹಳೆಯ ಸಂಹಿತೆಯ 320ನೆಯ ಕಲಮು ಎಂಟು ಬಗೆಗಳನ್ನು ಹೇಳಿತ್ತು. ಹೊಸ ಸಂಹಿತೆಯ 116ನೆಯ ಕಲಮು ಅವುಗಳನ್ನೇ ಉಳಿಸಿಕೊಂಡಿದೆ. ಕಣ್ಣು ಅಥವಾ ಕಿವಿಯ ಶಾಶ್ವತ ನಷ್ಟ, ಅವಯವದ ಅಥವಾ ಕೀಲಿನ ನಷ್ಟ, ಮುಖದ ಶಾಶ್ವತ ವಿರೂಪ, ಎಲುಬಿನ ಅಥವಾ ಹಲ್ಲಿನ ಮುರಿತ, ಪ್ರಾಣಕ್ಕೆ ಅಪಾಯ ತರುವ ಗಾಯ ಮೊದಲಾದವು ಇದರಲ್ಲಿವೆ. ತೀವ್ರವಾದ ನೋವಿನಿಂದ ನರಳುವ ಅಥವಾ ನಿತ್ಯದ ಕೆಲಸಗಳನ್ನು ಮಾಡಲಾಗದಿರುವ ಅವಧಿಯನ್ನು ಮಾತ್ರ ಇಪ್ಪತ್ತು ದಿನಗಳಿಂದ ಹದಿನೈದಕ್ಕೆ ಇಳಿಸಲಾಗಿದೆ. ನಮ್ಮ ಪೊಲೀಸ್ ಠಾಣೆಗಳ ಬರಹದಲ್ಲಿ ಇದಕ್ಕೆ 'ಭಾರಿ ಗಾಯ' ಎಂಬ ಮಾತು ಬಳಕೆಯಲ್ಲಿದೆ. ಈ ಪಟ್ಟಿಯಲ್ಲಿ ಮೇಲು ಕೀಳೆಂಬುದಿಲ್ಲ. ಒಂದು ಹಲ್ಲು ಮುರಿದುದೂ ಎರಡು ಕಾಲು ಹೋದುದೂ ಬೆನ್ನುಹುರಿ ಕಡಿದು ಒಬ್ಬನು ಜೀವಮಾನವೆಲ್ಲ ಹಾಸಿಗೆ ಹಿಡಿದುದೂ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ಇವುಗಳ ನಡುವಣ ಅಂತರವನ್ನು ಅಳೆಯುವ ಹೊಣೆಯನ್ನು ಕಾನೂನು ನ್ಯಾಯಾಧೀಶನ ವಿವೇಚನೆಗೆ ಬಿಟ್ಟಿದೆ; ಆದರೆ ಆ ವಿವೇಚನೆ ಮೂರು ವರ್ಷಗಳ ಗೋಡೆಯೊಳಗೇ ಓಡಾಡಬೇಕು.

ಇನ್ನು ಅಮಲಿನ ಕಾನೂನು. 1939ರ ಮೋಟಾರು ವಾಹನಗಳ ಅಧಿನಿಯಮವು, ವಾಹನವನ್ನು ಹತೋಟಿಯಲ್ಲಿಡಲು ಅಸಮರ್ಥನಾಗುವಷ್ಟರ ಮಟ್ಟಿಗೆ ಮದ್ಯದ ಅಥವಾ ಮಾದಕ ಔಷಧಿಯ ಪ್ರಭಾವಕ್ಕೆ ಒಳಗಾದವನನ್ನು ಅಪರಾಧಿಯೆಂದಿತ್ತು. ಅಸಾಮರ್ಥ್ಯವನ್ನು ಸಾಬೀತುಪಡಿಸುವುದು ಸುಲಭವಾಗಿರಲಿಲ್ಲ. 1988ರ ಅಧಿನಿಯಮವು ಇನ್ನೊಂದು ತುದಿಗೆ ಹೋಗಿ, ರಕ್ತದಲ್ಲಿ ಮದ್ಯಸಾರ ಎಷ್ಟೇ ಅಲ್ಪವಾಗಿದ್ದರೂ ಅಪರಾಧವೆಂದಿತು. 1994ರ ತಿದ್ದುಪಡಿಯು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯನ್ನು ತಂದಿತು; ಅದೇ ಇಂದಿಗೂ 185ನೆಯ ಕಲಮಿನಲ್ಲಿದೆ. 2019ರ ತಿದ್ದುಪಡಿಯ ತರುವಾಯ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ಜುಲ್ಮಾನೆ ಅಥವಾ ಎರಡೂ. ಮರುಕಳಿಸಿದರೆ ಎರಡು ವರ್ಷ ಮತ್ತು 15,000 ರೂಪಾಯಿಗಳವರೆಗೆ ಹೋಗಬಹುದು. ಈ ಕಲಮು ಶಿಕ್ಷಿಸುವುದು ಅಮಲನ್ನು ಮಾತ್ರ. ಆ ಅಮಲಿನ ಚಕ್ರದ ಕೆಳಗೆ ಯಾರಾದರೂ ಸಿಕ್ಕಿದರೋ ಇಲ್ಲವೋ ಎಂಬುದು ಅದರ ವಿಷಯವಲ್ಲ.

ಆಪಾದಿತನನ್ನು ಎರಡು ಕಲಮುಗಳ ಕೆಳಗೂ ವಿಚಾರಿಸಬಹುದಲ್ಲ, ಶಿಕ್ಷೆಗಳು ಕೂಡಿಕೊಳ್ಳುವುದಿಲ್ಲವೆ ಎಂದು ಕೇಳಬಹುದು. ವಿಚಾರಿಸಬಹುದು, ವಿಚಾರಿಸುತ್ತಾರೆ. ಆದರೆ ಒಂದೇ ಕೃತ್ಯದಿಂದ ಹುಟ್ಟಿದ ಶಿಕ್ಷೆಗಳನ್ನು ಏಕಕಾಲದಲ್ಲಿ ಅನುಭವಿಸುವಂತೆ ಆಜ್ಞಾಪಿಸುವುದು ಸಾಮಾನ್ಯ ಪದ್ಧತಿಯಾಗಿರುವುದರಿಂದ ಆರು ತಿಂಗಳು ಮೂರು ವರ್ಷಗಳೊಳಗೆ ಕರಗಿಹೋಗುತ್ತದೆ. ತತ್ತ್ವದ ದೋಷ ಇದಕ್ಕಿಂತ ದೊಡ್ಡದು. ಎಚ್ಚರದಲ್ಲಿದ್ದು ಒಂದು ಕ್ಷಣ ಮೈಮರೆತ ಚಾಲಕನಿಗೂ, ಕುಡಿದು ಕೈಕಾಲು ಸ್ವಾಧೀನದಲ್ಲಿಲ್ಲದೆ ಕೀಲಿಕೈಯನ್ನು ತಿರುಗಿಸಿದ ಚಾಲಕನಿಗೂ ಗಾಯದ ಕಲಮಿನಲ್ಲಿ ಗರಿಷ್ಠ ಶಿಕ್ಷೆ ಒಂದೇ. ಮೊದಲನೆಯವನ ತಪ್ಪು ರಸ್ತೆಯಲ್ಲಿ ಹುಟ್ಟಿತು. ಎರಡನೆಯವನ ತಪ್ಪು ವಾಹನ ಕದಲುವ ಮೊದಲೇ ಪೂರ್ಣವಾಗಿತ್ತು.

ಈ ಮಾತನ್ನು ಒಂದು ಮೊಕದ್ದಮೆಯಿಂದ ಸ್ಪಷ್ಟಪಡಿಸಬಹುದು. 2006ರ ನವೆಂಬರ್ 12ರ ಬೆಳಗಿನ ಜಾವ, ಸುಮಾರು ನಾಲ್ಕು ಗಂಟೆಯ ಹೊತ್ತಿಗೆ, ಮುಂಬಯಿಯ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಒಂದು ಕಾರು ಪಾದಚಾರಿ ದಾರಿಯ ಮೇಲೆ ಹತ್ತಿ ಅಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಚಾಲಕನ ರಕ್ತದಲ್ಲಿ ಶೇಕಡಾ 0.112 ಮದ್ಯಸಾರವಿತ್ತು, ಎಂದರೆ 100 ಮಿಲಿಲೀಟರಿಗೆ 112 ಮಿಲಿಗ್ರಾಂ, ಕಾನೂನಿನ ಮಿತಿಯ ಮೂರು ಪಾಲಿಗಿಂತ ಹೆಚ್ಚು. ಸೆಷನ್ಸ್ ನ್ಯಾಯಾಲಯವು ಇದನ್ನು ಅಲಕ್ಷ್ಯವೆಂದು ಭಾವಿಸಿ 304-ಎ ಮತ್ತು 337ನೆಯ ಕಲಮುಗಳಂತೆ ಆರು ತಿಂಗಳ ಸೆರೆವಾಸವನ್ನೂ ಐದು ಲಕ್ಷ ರೂಪಾಯಿ ಜುಲ್ಮಾನೆಯನ್ನೂ ವಿಧಿಸಿತು. ಬೊಂಬಾಯಿ ಉಚ್ಚ ನ್ಯಾಯಾಲಯವು ಈ ತೀರ್ಮಾನವನ್ನು ಒಪ್ಪಲಿಲ್ಲ. ತನ್ನ ಕೃತ್ಯದಿಂದ ಮರಣವುಂಟಾಗುವ ಸಂಭವವುಂಟೆಂಬ ತಿಳಿವು ಆಪಾದಿತನಿಗೆ ಇತ್ತೆಂದು ಹೇಳಿ, 304ನೆಯ ಕಲಮಿನ ಎರಡನೆಯ ಭಾಗದಂತೆ ದಂಡನಾರ್ಹ ನರಹತ್ಯೆಗಾಗಿ ಮೂರು ವರ್ಷಗಳ ಸೆರೆವಾಸವನ್ನು ವಿಧಿಸಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮೂರು ವರ್ಷ ತೀರ ಕಡಮೆಯೆಂದೂ, ಸರ್ಕಾರವು ಮೇಲ್ಮನವಿ ಸಲ್ಲಿಸದಿರುವ ಕಾರಣ ಹೆಚ್ಚಿಸುವ ವಿಚಾರಕ್ಕೆ ಕೈಹಾಕುವುದಿಲ್ಲವೆಂದೂ ನ್ಯಾಯಾಲಯ ಹೇಳಿದ್ದು ಗಮನಾರ್ಹ.

ಪತ್ರಿಕೆಗಳೂ ಪಠ್ಯಪುಸ್ತಕಗಳೂ ಈ ತೀರ್ಪನ್ನು ನೆನೆಯುವುದು ಸತ್ತವರ ಸಲುವಾಗಿ. ನಾವು ಗಾಯಗೊಂಡವರ ಕಡೆಗೆ ತಿರುಗಿ ನೋಡೋಣ. ತೀವ್ರ ಗಾಯಕ್ಕಾಗಿ ಉಚ್ಚ ನ್ಯಾಯಾಲಯ ವಿಧಿಸಿದ್ದು 338ನೆಯ ಕಲಮಿನಂತೆ ಒಂದು ವರ್ಷ. ಸಾದಾ ಗಾಯಕ್ಕೆ 337ರಂತೆ ಆರು ತಿಂಗಳು. ಒಂದೇ ಕೃತ್ಯಕ್ಕೆ ತಿಳಿವಿನ ಆರೋಪವನ್ನೂ ದುಡುಕಿನ ಆರೋಪವನ್ನೂ ಒಟ್ಟಿಗೆ ಹೊರಿಸುವುದು ಪರಸ್ಪರ ವಿರುದ್ಧವಲ್ಲವೆ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೂ ಫಲವನ್ನು ನೋಡಿ: ಒಂದೇ ಕೈ, ಒಂದೇ ಚಕ್ರ, ಒಂದೇ ನಿಮಿಷ. ಬಲಕ್ಕೆ ಮಲಗಿದ್ದವನು ಸತ್ತದ್ದರಿಂದ ಚಾಲಕನು ತಿಳಿದವನಾದ. ಎಡಕ್ಕೆ ಮಲಗಿದ್ದವನು ಬದುಕಿದ್ದರಿಂದ ದುಡುಕಿದವನಾದ. ಗಾಯಾಳುವಿನ ಪ್ರಾಣ ಉಳಿದದ್ದು ಆಸ್ಪತ್ರೆ ಹತ್ತಿರವಿದ್ದುದರಿಂದಲೋ ಶಸ್ತ್ರವೈದ್ಯನ ಕೈಗುಣದಿಂದಲೋ ಆಗಿರಬಹುದು. ಅದರ ಲಾಭ ಮಾತ್ರ ಆಪಾದಿತನ ಲೆಕ್ಕಕ್ಕೆ ಜಮೆಯಾಗುತ್ತದೆ.

ಕುಡಿದವನಿಗೆ ತಿಳಿವು ಎಲ್ಲಿಂದ ಬಂತೆಂದು ಕೆಲವರು ಕೇಳುವುದುಂಟು. ಇದಕ್ಕೆ ಸಂಹಿತೆಯಲ್ಲೇ ಉತ್ತರವಿದೆ. ತಾನಾಗಿಯೇ ಅಮಲೇರಿಸಿಕೊಂಡವನಿಗೆ, ಅಮಲಿಲ್ಲದಿದ್ದರೆ ಇರುತ್ತಿದ್ದ ತಿಳಿವೇ ಇತ್ತೆಂದು ಭಾವಿಸಬೇಕೆಂದು ಹಳೆಯ 86ನೆಯ ಕಲಮು ಹೇಳಿತ್ತು. ಹೊಸ 24ನೆಯದೂ ಅದನ್ನೇ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು 1956ರ ಒಂದು ತೀರ್ಪಿನಲ್ಲಿ ಇದನ್ನು ವಿಶದಪಡಿಸಿ, ಹೀಗೆ ಆರೋಪಿಸಬಹುದಾದುದು ತಿಳಿವನ್ನು, ಉದ್ದೇಶವನ್ನಲ್ಲ ಎಂದಿತು. ಆದಕಾರಣ ಗಾಯಗೊಂಡವನ ವಿಷಯದಲ್ಲಿಯೂ ತಿಳಿವಿನ ಆರೋಪಕ್ಕೆ ದಾರಿಯಿಲ್ಲದಿಲ್ಲ. ದಂಡನಾರ್ಹ ನರಹತ್ಯೆಯ ಪ್ರಯತ್ನವೆಂಬ ಅಪರಾಧವಿದೆ: ಹಿಂದೆ 308, ಈಗ 110. ಆ ಪ್ರಯತ್ನದಲ್ಲಿ ಗಾಯವಾದರೆ ಏಳು ವರ್ಷಗಳವರೆಗೆ ಸೆರೆವಾಸವುಂಟು. ಆದರೆ ಈ ದಾರಿ ಇಕ್ಕಟ್ಟಾದುದು. ಯಾರನ್ನೂ ಕೊಲ್ಲಲು ಹೊರಡದವನ ಕೃತ್ಯವನ್ನು 'ಪ್ರಯತ್ನ'ವೆಂದು ಕರೆಯುವುದು ಭಾಷೆಗೂ ತರ್ಕಕ್ಕೂ ಕಷ್ಟವೆನಿಸುತ್ತದೆ. ಇಂಥ ಎಳೆದಾಟದ ಅರ್ಥಕ್ಕಿಂತ ನೇರವಾದ ಕಲಮೊಂದು ಲೇಸು ಎಂಬುದು ನಮ್ಮ ಅಭಿಪ್ರಾಯ.

ನೇರವಾದ ಕಲಮು ಸಾಧ್ಯವೆಂಬುದಕ್ಕೆ ಕೆನಡಾ ದೇಶದ ದಂಡ ಸಂಹಿತೆಯು ನಿದರ್ಶನ. ಅಲ್ಲಿ ಅಮಲಿನ ಚಾಲನೆ, ಅಮಲಿನ ಚಾಲನೆಯಿಂದ ದೈಹಿಕ ಹಾನಿ, ಅಮಲಿನ ಚಾಲನೆಯಿಂದ ಮರಣ ಎಂದು ಮೂರು ಮೆಟ್ಟಿಲುಗಳಿವೆ. ನಡುವಣ ಮೆಟ್ಟಿಲಿಗೆ ಗರಿಷ್ಠ ಶಿಕ್ಷೆ ಹಿಂದೆ ಹತ್ತು ವರ್ಷವಿದ್ದು, 2018ರ ಡಿಸೆಂಬರಿನಿಂದ ಹದಿನಾಲ್ಕು ವರ್ಷವಾಗಿದೆ, ಮೇಲಿನದಕ್ಕೆ ಜೀವಾವಧಿ. ಇಂಗ್ಲೆಂಡಿನ ಕಾನೂನು ಈ ವಿಷಯದಲ್ಲಿ ನಮ್ಮದನ್ನೇ ಹೋಲುತ್ತದೆ. ಅಮಲಿನಲ್ಲಿ ಅಜಾಗರೂಕತೆಯಿಂದ ನಡೆಸಿ ಮರಣವನ್ನುಂಟುಮಾಡುವುದು ಅಲ್ಲಿ 1991ರಿಂದ ಪ್ರತ್ಯೇಕ ಅಪರಾಧ. ಆದರೆ ಅಮಲಿನಿಂದಾದ ತೀವ್ರ ಗಾಯಕ್ಕೆ ಸಮಾನವಾದ ಕಲಮಿಲ್ಲ. ಅಪಾಯಕಾರಿ ಚಾಲನೆಯೆಂದು ಸಾಬೀತಾದರೆ ಐದು ವರ್ಷ, ಅಜಾಗರೂಕತೆಯೆಂದಾದರೆ 2022ರಲ್ಲಿ ಬಂದ ಹೊಸ ಕಲಮಿನಂತೆ ಎರಡು ವರ್ಷ. ನಾವು ಬಹುಕಾಲ ಮಾದರಿಯೆಂದು ನೋಡಿದ ಕಾನೂನಿನಲ್ಲೇ ಈ ತೆರಪು ಇರುವುದು ಕುತೂಹಲದ ವಿಷಯ.

ಶಿಕ್ಷೆಯ ವರ್ಷಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಕುಡಿದವರು ಗಾಡಿಯನ್ನು ಮನೆಯಲ್ಲಿ ಬಿಟ್ಟು ನಡೆದುಹೋಗುತ್ತಾರೆಂದು ನಾವು ಹೇಳುತ್ತಿಲ್ಲ. ಅಪರಾಧಿಯನ್ನು ತಡೆಯುವುದು ಶಿಕ್ಷೆಯ ಭಾರಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವೆನೆಂಬ ಭಯ. ಆದರೆ ಪ್ರತ್ಯೇಕ ಅಪರಾಧವೆಂದು ಹೆಸರಿಡುವುದರಿಂದ ಇನ್ನೊಂದು ಪ್ರಯೋಜನವುಂಟು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320ನೆಯ ಕಲಮಿನಂತೆ 338ರ ಅಪರಾಧವನ್ನು ನ್ಯಾಯಾಲಯದ ಅನುಮತಿಯಿಂದ ಗಾಯಾಳು ರಾಜಿ ಮಾಡಿಕೊಳ್ಳಬಹುದಾಗಿತ್ತು. ಒಂದು ಕ್ಷಣದ ಮೈಮರೆವಿನಿಂದಾದ ಅಪಘಾತದಲ್ಲಿ ಇದು ಮಾನವೀಯವಾದ ಏರ್ಪಾಟೇ. ಆಸ್ಪತ್ರೆಯ ಖರ್ಚಿಗೆ ಕೈ ಬರಿದಾಗಿ, ದುಡಿಯುವ ಕಾಲು ಹೋಗಿ, ನಷ್ಟಪರಿಹಾರ ನ್ಯಾಯಮಂಡಳಿಯ ತೀರ್ಮಾನಕ್ಕಾಗಿ ವರ್ಷಗಟ್ಟಲೆ ಕಾಯುತ್ತಿರುವ ಕೂಲಿಕಾರನ ಮುಂದೆ ಅಮಲಿನ ಚಾಲಕನ ಕಡೆಯವರು ಹಣ ಹಿಡಿದು ನಿಂತಾಗ ಮಾತ್ರ ಅವನ ಒಪ್ಪಿಗೆಯನ್ನು ಸ್ವತಂತ್ರವಾದ ಒಪ್ಪಿಗೆಯೆಂದು ಕರೆಯಲು ನಾಲಗೆ ಏಳುವುದಿಲ್ಲ. ಕಾನೂನು ಈ ಎರಡು ಸಂದರ್ಭಗಳನ್ನು ಬೇರ್ಪಡಿಸದಿದ್ದುದಕ್ಕೆ ಕಾರಣ, ಎರಡಕ್ಕೂ ಒಂದೇ ಕಲಮು ಇದ್ದುದು.

ಕಡೆಯದಾಗಿ ಪುರಾವೆಯ ಮಾತು. ನಮ್ಮ ರಾಜ್ಯದ ಪ್ರಥಮ ವರ್ತಮಾನ ವರದಿಗಳಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂಬ ಪದಗುಚ್ಛ ಅಚ್ಚೊತ್ತಿದಂತೆ ಬರುತ್ತದೆ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ, ಹೆಚ್ಚು ವೇಗವೆಂದ ಮಾತ್ರಕ್ಕೆ ದುಡುಕಾಗಲಿ ಅಲಕ್ಷ್ಯವಾಗಲಿ ಸಾಬೀತಾಗದೆಂದು ಹೇಳಿದೆ. ಅಮಲಿನ ಪುರಾವೆಯಾದರೋ ಅಂಕಿಯಲ್ಲಿ ದೊರೆಯುವಂಥದು. ಆದರೆ ಅದು ಕಾಯುವುದಿಲ್ಲ. ರಕ್ತದ ಮದ್ಯಸಾರವು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತದೆ. ಅಪಘಾತದ ವೇಳೆಗೆ 80 ಇದ್ದುದು ನಾಲ್ಕು ಗಂಟೆಗಳ ತರುವಾಯ 20ಕ್ಕೆ ಇಳಿದು ಕಾನೂನಿನ ಮಿತಿಯೊಳಕ್ಕೆ ಬಂದುಬಿಡಬಹುದು. 1994ರ ತಿದ್ದುಪಡಿಯು ಉಸಿರಿನ ಯಂತ್ರದ ಪರೀಕ್ಷೆಯನ್ನು ಮಾತ್ರ ಹೆಸರಿಸಿದ್ದರಿಂದ, ಗಾಯಗೊಂಡು ಆಸ್ಪತ್ರೆ ಸೇರಿದ ಚಾಲಕನ ವಿಷಯದಲ್ಲಿ ವಾದಕ್ಕೆ ಎಡೆಯಿತ್ತು. 2019ರ ತಿದ್ದುಪಡಿಯು ಪ್ರಯೋಗಾಲಯದ ಪರೀಕ್ಷೆಯನ್ನೂ ಸೇರಿಸಿ ಆ ಎಡೆಯನ್ನು ಮುಚ್ಚಿದೆ. ಕೆನಡಾದ ಸಂಹಿತೆಯಾದರೋ ಚಾಲನೆ ನಿಂತ ಎರಡು ಗಂಟೆಗಳೊಳಗಿನ ಪ್ರಮಾಣವನ್ನೇ ಅಪರಾಧದ ಲಕ್ಷಣದಲ್ಲಿ ಸೇರಿಸಿಕೊಂಡಿದೆ. ನಮ್ಮಲ್ಲಿ ಅಂಥ ನಿಯಮವಿಲ್ಲದಿರುವ ತನಕ, ರಕ್ತವನ್ನು ತೆಗೆದ ಗಂಟೆ ನಿಮಿಷಗಳನ್ನು ವೈದ್ಯನು ಪ್ರಮಾಣಪತ್ರದಲ್ಲಿ ಬರೆದನೋ ಇಲ್ಲವೋ ಎಂಬುದರ ಮೇಲೆ ಎಷ್ಟೋ ಮೊಕದ್ದಮೆಗಳು ನಿಲ್ಲುತ್ತವೆ ಅಥವಾ ಬೀಳುತ್ತವೆ.