ಯಾಜಕನ ಕಿವಿ, ಕೈ, ಕಾಲು

ದೇವರಿಗೆ ಮೀಸಲಾಗಿ ಬದುಕುವುದೆಂದರೇನು? ಇದು ಯಾವುದೋ ಒಂದು ಮತದವರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಬೆಳಗ್ಗೆ ಪ್ರಾರ್ಥನೆಗೆ ಕುಳಿತು, ಕಣ್ಮುಚ್ಚಿ, ಕೈಮುಗಿದು, ಎದ್ದು ಬಂದ ಮರುಗಳಿಗೆಯಲ್ಲೇ ಮನೆಗೆಲಸದವಳ ಮೇಲೆ ರೇಗುವವರು ಎಲ್ಲ ಮತಗಳಲ್ಲೂ ಉಂಟು. ಪೂಜೆಗೂ ನಡತೆಗೂ ನಡುವಣ ಈ ಬಿರುಕನ್ನು ಮುಚ್ಚುವುದು ಹೇಗೆ? ಕ್ರೈಸ್ತರು ಇದಕ್ಕೆ ಉತ್ತರ ಹುಡುಕುವಾಗ ಬೈಬಲ್ಲಿನ ಒಂದು ಪುರಾತನ ವ್ಯವಸ್ಥೆಯ ಕಡೆಗೆ ತಿರುಗುವುದುಂಟು. ಅದೇ ಯಾಜಕತ್ವ.

ಹಳೆಯ ಒಡಂಬಡಿಕೆಯ ಪ್ರಕಾರ ಇಸ್ರಾಯೇಲ್ ಜನರಲ್ಲಿ ಹನ್ನೆರಡು ಕುಲಗಳು. ಅವುಗಳಲ್ಲಿ ಲೇವಿಯ ಕುಲವನ್ನು ದೇವಸೇವೆಗೆಂದು ಪ್ರತ್ಯೇಕಿಸಲಾಯಿತು; ಆ ಕುಲದಲ್ಲಿಯೂ ಮೋಶೆಯ ಅಣ್ಣನಾದ ಆರೋನನ ಸಂತತಿಯವರು ಮಾತ್ರ ಯಾಜಕರು. ಉಳಿದ ಕುಲಗಳಂತೆ ಇವರಿಗೆ ಭೂಮಿಯ ಪಾಲಿಲ್ಲ. ವಾಸಕ್ಕೆ ನಲವತ್ತೆಂಟು ಊರುಗಳು, ಅವುಗಳ ಸುತ್ತ ದನಕರುಗಳಿಗೆ ಹುಲ್ಲುಗಾವಲು. ಜೀವನಕ್ಕೆ ಜನರು ತರುವ ಕಾಣಿಕೆ. ‘ಪರಿಶುದ್ಧ’ ಎಂಬ ಅರ್ಥದಲ್ಲಿ ಬಳಸುವ ಹೀಬ್ರೂ ಶಬ್ದ ‘ಕಾದೋಷ್’. ಬೇರೆಯಾಗಿ ಎತ್ತಿಟ್ಟದ್ದು ಎಂಬುದು ಅದರ ಒಳಗಿರುವ ಭಾವ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ನಮ್ಮ ಅಡಿಗೆಮನೆಯಲ್ಲೇ ಇದೆ: ‘ಮೀಸಲು’. ಆದರೆ ಮೀಸಲಾಗಿಟ್ಟದ್ದು ಯಾತಕ್ಕೆ, ಯಾರಿಗಾಗಿ ಎಂಬುದೇ ಮುಖ್ಯ ಪ್ರಶ್ನೆ.

ಯಾಜಕಕಾಂಡದ ಎಂಟನೆಯ ಅಧ್ಯಾಯದಲ್ಲಿ ಆರೋನನಿಗೂ ಅವನ ಮಕ್ಕಳಿಗೂ ದೀಕ್ಷೆ ಕೊಟ್ಟ ವಿವರವಿದೆ. ಮೊದಲು ನೀರಿನಿಂದ ಸ್ನಾನ. ಬಳಿಕ ಹೊಸ ಉಡುಪು. ಬಳಿಕ ತೈಲದ ಅಭಿಷೇಕ. ಆಮೇಲೆ ಬಲಿಯಾದ ಟಗರಿನ ರಕ್ತವನ್ನು ಮೋಶೆ ಅವರ ಬಲಗಿವಿಯ ತುದಿಗೂ ಬಲಗೈಯ ಹೆಬ್ಬೆರಳಿಗೂ ಬಲಗಾಲಿನ ಹೆಬ್ಬೆಟ್ಟಿಗೂ ಹಚ್ಚುತ್ತಾನೆ. ಕೊನೆಗೆ ನೈವೇದ್ಯದ ಪದಾರ್ಥಗಳನ್ನು ಅವರ ಅಂಗೈಗಳ ಮೇಲಿಡುತ್ತಾನೆ. ದೀಕ್ಷೆ ಕೊಡುವುದಕ್ಕೆ ಹೀಬ್ರೂ ಭಾಷೆಯಲ್ಲಿ ‘ಕೈ ತುಂಬಿಸುವುದು’ ಎಂದೇ ಹೆಸರು.

ಕಿವಿ, ಕೈ, ಕಾಲುಗಳಿಗೇ ಏಕೆ ಈ ಗುರುತು? ಗ್ರಂಥ ಕಾರಣವನ್ನು ಬಿಡಿಸಿ ಹೇಳುವುದಿಲ್ಲ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಯೆಹೂದ್ಯ ತತ್ತ್ವಜ್ಞ ಫಿಲೋ ಕೊಟ್ಟ ವಿವರಣೆ ಸರಳವಾಗಿದೆ: ಕಿವಿ ಮಾತಿಗೆ, ಕೈ ಕ್ರಿಯೆಗೆ, ಕಾಲು ಬಾಳಿನ ಪ್ರಯಾಣಕ್ಕೆ ಸಂಕೇತ. ದೇವಸೇವೆಗೆ ನಿಂತವನು ಈ ಮೂರರಲ್ಲೂ ಶುದ್ಧನಾಗಿರಬೇಕು. ಗಮನಿಸಿ, ಇವು ಗುಡಾರದೊಳಗೆ ಮಾತ್ರ ಬಳಸುವ ಅಂಗಗಳಲ್ಲ. ಯಾಜಕನು ಮನೆಗೆ ಹೋದಾಗ, ಸಂತೆಗೆ ಹೋದಾಗ, ನೆರೆಯವನೊಡನೆ ಮಾತಿಗೆ ನಿಂತಾಗ ಅದೇ ಕಿವಿ, ಅದೇ ಕೈ, ಅದೇ ಕಾಲು. ದೀಕ್ಷೆಯ ಗುರುತನ್ನು ಬಾಗಿಲ ಬಳಿ ಬಿಚ್ಚಿಟ್ಟು ಹೋಗುವಂತಿರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಬಹು ಜನ ಓದುಗರು ಇದನ್ನು ದಾಟಿ ಹೋಗುತ್ತಾರೆ. ಅದೇ ಗ್ರಂಥದ ಹದಿನಾಲ್ಕನೆಯ ಅಧ್ಯಾಯದಲ್ಲಿ ಇದೇ ಗುರುತು ಮತ್ತೊಬ್ಬನಿಗೆ ಬೀಳುತ್ತದೆ. ಅವನು ಯಾಜಕನಲ್ಲ, ಚರ್ಮರೋಗದಿಂದ ಗುಣ ಹೊಂದಿದವನು. ರೋಗವಿದ್ದಷ್ಟು ಕಾಲ ಅವನು ಪಾಳೆಯದ ಹೊರಗೆ ಒಂಟಿಯಾಗಿರಬೇಕಾಗಿತ್ತು. ವಾಸಿಯಾಯಿತೆಂದು ಸುದ್ದಿ ಬಂದಾಗ ಯಾಜಕನೇ ಪಾಳೆಯದ ಹೊರಕ್ಕೆ ಹೋಗಿ ಅವನನ್ನು ನೋಡಬೇಕು. ಬಳಿಕ ಅವನ ಬಲಗಿವಿ, ಬಲಗೈಯ ಹೆಬ್ಬೆರಳು, ಬಲಗಾಲಿನ ಹೆಬ್ಬೆಟ್ಟುಗಳಿಗೆ ರಕ್ತವನ್ನೂ ಎಣ್ಣೆಯನ್ನೂ ಹಚ್ಚಬೇಕು. ಅತ್ಯಂತ ಒಳಗೆ ನಿಲ್ಲುವವನಿಗೂ ಅತ್ಯಂತ ಹೊರಗೆ ನಿಂತಿದ್ದವನಿಗೂ ಒಂದೇ ಗುರುತು! ಯಾಜಕನು ತನ್ನ ಹೆಬ್ಬೆರಳನ್ನು ನೋಡಿಕೊಂಡು ಉಬ್ಬುವುದಕ್ಕೆ ಅವಕಾಶವೇ ಇಲ್ಲ.

ಮಹಾಯಾಜಕನ ಉಡುಪೂ ಇದೇ ಮಾತನ್ನು ಹೇಳುತ್ತದೆ. ಹಣೆಯ ಮೇಲೆ ಚಿನ್ನದ ಪಟ್ಟಿ. ದೇವರಿಗೆ ಮೀಸಲು ಎಂಬ ಅರ್ಥದ ಕೆತ್ತನೆ ಅದರ ಮೇಲೆ. ಎರಡು ಹೆಗಲುಗಳ ಮೇಲೆ ಎರಡು ರತ್ನಗಳು, ಒಂದೊಂದರಲ್ಲಿ ಆರಾರು ಕುಲಗಳ ಹೆಸರು. ಎದೆಯ ಪದಕದಲ್ಲಿ ನಾಲ್ಕು ಸಾಲಾಗಿ ಹನ್ನೆರಡು ರತ್ನಗಳು, ಅಲ್ಲಿಯೂ ಅವೇ ಹನ್ನೆರಡು ಹೆಸರುಗಳು. ಅವನು ದೇವಸನ್ನಿಧಿಗೆ ಹೋಗುವಾಗ ಒಬ್ಬನೇ ಹೋಗುವುದಿಲ್ಲ. ಜನರನ್ನೆಲ್ಲ ಹೆಗಲ ಮೇಲೆ ಹೊತ್ತು, ಎದೆಯ ಮೇಲಿಟ್ಟು ಹೋಗುತ್ತಾನೆ.

ಇಷ್ಟು ವೈಭವದ ಸೇವೆಯಲ್ಲಿ ಬೂದಿ ಎತ್ತುವ ಕೆಲಸವೂ ಸೇರಿತ್ತು. ರಾತ್ರಿಯೆಲ್ಲ ಉರಿದ ಯಜ್ಞವೇದಿಯ ಬೂದಿಯನ್ನು ಬೆಳಗ್ಗೆ ಯಾಜಕನೇ ತೆಗೆದು, ಬಟ್ಟೆ ಬದಲಾಯಿಸಿಕೊಂಡು, ಪಾಳೆಯದ ಹೊರಗೆ ಒಯ್ದು ಹಾಕಬೇಕು. ಬೂದಿ ತೆಗೆಯದಿದ್ದರೆ ಬೆಂಕಿ ಉಳಿಯದು; ಬೆಂಕಿಯಾದರೋ ಎಂದೂ ಆರಬಾರದು. ಗುಡಾರಕ್ಕೂ ವೇದಿಗೂ ನಡುವೆ ತಾಮ್ರದ ತೊಟ್ಟಿಯೊಂದಿತ್ತು. ಸೇವೆಗೆ ಹೋಗುವಾಗಲೆಲ್ಲ ಅಲ್ಲಿ ಕೈಕಾಲು ತೊಳೆಯಬೇಕು. ದೀಕ್ಷೆ ಒಂದೇ ಸಲ. ಆದರೆ ಕೈಕಾಲು ತೊಳೆಯುವುದು ದಿನದಿನವೂ.

ಯಾಜಕರೆಲ್ಲ ಇದಕ್ಕೆ ತಕ್ಕಂತೆ ನಡೆದರೆ? ಇಲ್ಲ. ಅದನ್ನು ಬೈಬಲ್ಲು ಮುಚ್ಚಿಡುವುದೂ ಇಲ್ಲ. ಯಾಜಕನಾದ ಏಲಿಯ ಮಕ್ಕಳಿಬ್ಬರು ಜನರು ತಂದ ಬಲಿಯ ಮಾಂಸವನ್ನು ಬಲಾತ್ಕಾರವಾಗಿ ಕಿತ್ತುಕೊಳ್ಳುತ್ತಿದ್ದರು. ಯೇಸು ಹೇಳಿದ ಒಂದು ಕಥೆಯಲ್ಲಿ, ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಕಂಡು ಯಾಜಕನೊಬ್ಬನು ಆಚೆಯ ಬದಿಯಿಂದ ಹೋಗಿಬಿಡುತ್ತಾನೆ. ಲೇವಿಯನೂ ಹಾಗೆಯೇ ಮಾಡುತ್ತಾನೆ. ಕೊನೆಗೆ ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದವನು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ದೀಕ್ಷೆಯ ಗುರುತು ಬಿದ್ದ ಕಾಲುಗಳು ದಾಟಿಹೋದುವು. ಆ ಗುರುತಿಲ್ಲದ ಕಾಲುಗಳು ನಿಂತುವು.

ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಅಲ್ಲಿಗೆ ಆ ಬಲಿಸೇವೆ ನಿಂತಿತು. ಕ್ರೈಸ್ತರ ನಂಬಿಕೆಯಲ್ಲಾದರೋ ಯಾಜಕತ್ವ ಅಳಿಯಲಿಲ್ಲ. ಯೇಸು ಕ್ರಿಸ್ತನಲ್ಲಿ ಪೂರ್ಣವಾಯಿತು. ಆತನು ಲೇವಿಯ ಕುಲದವನಲ್ಲ, ಯೂದನ ಕುಲದವನು. ತನ್ನನ್ನೇ ಬಲಿಯಾಗಿ ಅರ್ಪಿಸಿಕೊಂಡ ಮಹಾಯಾಜಕನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಆತನನ್ನು ವರ್ಣಿಸುತ್ತದೆ. ಪೇತ್ರನ ಮೊದಲನೆಯ ಪತ್ರಿಕೆ ಮುಂದಿನ ಹೆಜ್ಜೆಯಿಡುತ್ತದೆ. ಇಂದಿನ ಟರ್ಕಿ ದೇಶದ ಭಾಗಗಳಲ್ಲಿ ಚದರಿಹೋಗಿದ್ದ ವಿಶ್ವಾಸಿಗಳನ್ನು, ಅವರಲ್ಲಿ ಆಳುಗಳನ್ನೂ ಹೆಂಗಸರನ್ನೂ ಸೇರಿಸಿ, ಅದು ಯಾಜಕವರ್ಗವೆಂದೇ ಕರೆಯುತ್ತದೆ. 1520ರಲ್ಲಿ ಮಾರ್ಟಿನ್ ಲೂಥರನು ಈ ತತ್ತ್ವವನ್ನು ಬಲವಾಗಿ ಎತ್ತಿಹಿಡಿದನು. ದೀಕ್ಷೆ ಪಡೆದ ಗುರುಗಳ ಯಾಜಕತ್ವ ಬೇರೆಯೆಂದು ಹೇಳುವ ಕಥೋಲಿಕ ಸಭೆಯೂ ಎಲ್ಲ ವಿಶ್ವಾಸಿಗಳಿಗೆ ಸಾಮಾನ್ಯವಾದ ಯಾಜಕತ್ವವೊಂದುಂಟೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ಶಾಸನದಲ್ಲಿ ಸ್ಪಷ್ಟವಾಗಿ ಸಾರಿತು.

ಹಾಗಾದರೆ ಗುಮಾಸ್ತನೋ ಗೃಹಿಣಿಯೋ ಆಗಿರುವ ಕ್ರೈಸ್ತರು ಅರ್ಪಿಸುವ ಬಲಿ ಯಾವುದು? ಇಬ್ರಿಯರಿಗೆ ಬರೆದ ಪತ್ರಿಕೆ ತನ್ನ ಕೊನೆಯಲ್ಲಿ ಎರಡನ್ನು ಹೆಸರಿಸುತ್ತದೆ: ದೇವರ ಸ್ತುತಿ ಒಂದು, ಉಪಕಾರ ಮಾಡಿ ಇದ್ದುದನ್ನು ಹಂಚಿಕೊಳ್ಳುವುದು ಇನ್ನೊಂದು. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ ಇನ್ನೂ ಹತ್ತಿರಕ್ಕೆ ಬರುತ್ತದೆ. ಪರಿಶುದ್ಧರಾಗಿರಿ ಎಂದು ಎಲ್ಲ ಜನರಿಗೂ ಹೇಳಿ, ಅದು ಕೊಡುವ ಉದಾಹರಣೆಗಳನ್ನು ನೋಡಿ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬಾರದು. ಕಿವುಡನನ್ನು ಬೈಯಬಾರದು, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬಾರದು. ತಕ್ಕಡಿ, ಬಟ್ಟು, ಅಳತೆ ಸರಿಯಾಗಿರಬೇಕು. ಕೇಳಿಸದವನನ್ನು ಬೈದರೆ ಅವನಿಗೆ ಗೊತ್ತಾಗದು. ಕಾಣದವನು ಎಡವಿದರೆ ಕಲ್ಲಿಟ್ಟವರಾರೆಂದು ಅವನಿಗೆ ತಿಳಿಯದು. ಯಾರೂ ನೋಡದಿರುವಲ್ಲಿಯೇ ಪರಿಶುದ್ಧತೆಯ ಪರೀಕ್ಷೆ.

ಯಾಜಕನಿಗೆ ಇನ್ನೊಂದು ಕರ್ತವ್ಯವೂ ಇತ್ತು: ಜನರನ್ನು ಆಶೀರ್ವದಿಸುವುದು. 1979ರಲ್ಲಿ ಯೆರೂಸಲೇಮಿನ ಬಳಿಯ ಕೆತೆಫ್ ಹಿನ್ನೋಮ್ ಎಂಬಲ್ಲಿ, ಪ್ರಾಕ್ತನ ಶಾಸ್ತ್ರಜ್ಞ ಗೇಬ್ರಿಯಲ್ ಬಾರ್ಕಾಯ್ ನಡೆಸಿದ ಅಗೆತದಲ್ಲಿ, ಎರಡು ಪುಟ್ಟ ಬೆಳ್ಳಿಯ ಸುರುಳಿಗಳು ದೊರೆತುವು. ಎರಡೂವರೆ ಸಾವಿರ ವರ್ಷಗಳಷ್ಟು ಹಿಂದೆ ಯಾರೋ ಅವುಗಳ ಮೇಲೆ ಆ ಆಶೀರ್ವಾದದ ಮಾತುಗಳನ್ನು ಗೀರಿಸಿಕೊಂಡಿದ್ದರು. ದೇವಾಲಯದಲ್ಲಿ ಕೇಳಿದ ಮಾತನ್ನು ಮೈಗೆ ಹತ್ತಿರ ಇಟ್ಟುಕೊಂಡು ಬಾಳುವ ಆಸೆ ಎಷ್ಟು ಹಳೆಯದು!

ಓದುಗರೇ, ಪ್ರಾರ್ಥನೆ ಮುಗಿಸಿ ಏಳುವಾಗ ಒಂದು ಗಳಿಗೆ ನಿಮ್ಮ ಬಲಗೈಯ ಹೆಬ್ಬೆರಳನ್ನು ನೋಡಿಕೊಳ್ಳಿ. ಇಂದು ಈ ಕೈ ಯಾರ ಕೂಲಿಯನ್ನು ಸಂಜೆಯೊಳಗೆ ಕೊಡಬೇಕಾಗಿದೆ? ಈ ಕಿವಿ ಯಾರ ಅಳಲನ್ನು ಕೇಳದೆ ಬಿಟ್ಟಿದೆ? ಈ ಕಾಲು ಯಾರನ್ನು ದಾಟಿ ಬಂದಿದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಂಡು ಹೊಸ್ತಿಲು ದಾಟಿದರೆ, ಒಳಗಿನ ಪೂಜೆ ಹೊರಗೂ ಮುಂದುವರಿದಂತಾಯಿತು.